ಚುಕ್ಕಿ, ನಿಯಮ, ಆಕಾರ

ಸಾಲಿಗೆ 5ರಂತೆ 5 ಸಾಲು ಚುಕ್ಕಿಗಳನ್ನು ಅಚ್ಚು ಮಾಡಿದರೆ ಕಂಪ್ಯೂಟರ್ ಪರದೆಯ ಮೇಲೆ ಚೌಕ ಮೂಡುತ್ತದೆ. ಮೊದಲ ಸಾಲಿಗೆ 1, ಮುಂದಿನ ಸಾಲುಗಳಿಗೆ 3, 5, 7, 9 ಎಂದು ಏರಿಸಿ ಪ್ರತಿ ಸಾಲನ್ನೂ ನಡುವಿಗೆ ಸರಿಸಿದರೆ ತ್ರಿಕೋನವಾಗುತ್ತದೆ. 1, 3, 5, 7 ಎಂದು ಏರಿ 5, 3, 1 ಎಂದು ಇಳಿದರೆ ವಜ್ರಾಕೃತಿ. ಮೂರರಲ್ಲೂ ಇರುವ ಚುಕ್ಕಿಗಳು ತಲಾ 25. ಒಂದು ಚುಕ್ಕಿಗೂ ಇನ್ನೊಂದಕ್ಕೂ ಬಣ್ಣ, ಗಾತ್ರ, ಜಾತಿ ಯಾವುದರಲ್ಲೂ ಭೇದವಿಲ್ಲ. ಹೀಗಿರುವಾಗ ಒಂದನ್ನು ಚೌಕವನ್ನಾಗಿಯೂ ಇನ್ನೊಂದನ್ನು ತ್ರಿಕೋನವನ್ನಾಗಿಯೂ ಮಾಡಿದ್ದು ಯಾವುದು? ಆಕಾರವೆಂಬುದು ಚುಕ್ಕಿಗಳ ಜೊತೆಗೆ ಇರುವ ಇಪ್ಪತ್ತಾರನೆಯ ವಸ್ತುವೇ, ಬರಿಯ ಹೆಸರೇ, ಅಥವಾ ಚುಕ್ಕಿಗಳು ಮೂಡುವ ಮುನ್ನವೇ ಎಲ್ಲೋ ಇದ್ದದ್ದೇ?

ಪ್ರೋಗ್ರಾಮು ಬರೆಯಲು ಕಲಿಯುವವರಿಗೆ ಮೊದಮೊದಲು ಕೊಡುವ ಅಭ್ಯಾಸಗಳಲ್ಲಿ ಇವೂ ಸೇರಿವೆ. ಒಂದರೊಳಗೊಂದು ಸುತ್ತುವ ಎರಡು ಲೂಪ್, ನಡುವೆ ಒಂದು ಷರತ್ತು, ಅಷ್ಟಿದ್ದರೆ ಆಯಿತು. ಆದರೆ ಈ ಪುಟ್ಟ ಅಭ್ಯಾಸ ಒಂದು ಹಳೆಯ ವಾದವನ್ನು ಬಿಡಿಸಿ ನೋಡಲು ಅನುಕೂಲ ಮಾಡಿಕೊಡುತ್ತದೆ. ಕೈಯಿಂದ ಚಿತ್ರ ಬರೆಯುವಾಗ ಮನಸ್ಸಿನ ಎಣಿಕೆ, ಕೈಯ ಓಟ, ಕಾಗದದ ಗೆರೆ ಒಂದರಲ್ಲೊಂದು ಬೆರೆತಿರುತ್ತವೆ. ಹೀಗೆ ಅಕ್ಷರ, ಚಿಹ್ನೆಗಳನ್ನು ಜೋಡಿಸಿ ಮಾಡಿದ ಅಕ್ಷರಚಿತ್ರದಲ್ಲಿ ಅವು ಬಿಡಿಬಿಡಿಯಾಗಿವೆ. ನಿಯಮ ಕಡತದಲ್ಲಿರುತ್ತದೆ, ಗುರುತುಗಳು ಪರದೆಯ ಮೇಲಿರುತ್ತವೆ. ಆಕಾರ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮನೆಗಳು ಮತ್ತು ತೆರಪು

ಅಕ್ಷರಗಳಿಂದ ಆಕೃತಿ ಕಟ್ಟುವುದು ಕಂಪ್ಯೂಟರಿಗಿಂತ ಬಹಳ ಹಳೆಯದು. ಕ್ರಿ.ಪೂ. 300ರ ಆಸುಪಾಸಿನಲ್ಲಿ ರೋಡ್ಸ್ ದ್ವೀಪದ ಸಿಮ್ಮಿಯಸ್ ರೆಕ್ಕೆ, ಕೊಡಲಿ, ಮೊಟ್ಟೆಗಳ ಆಕಾರದಲ್ಲಿ ಗ್ರೀಕ್ ಪದ್ಯ ರಚಿಸಿದ. ಸಂಸ್ಕೃತದಲ್ಲಿ ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗ ಮತ್ತು ಮಾಘನ ಶಿಶುಪಾಲವಧದ 19ನೇ ಸರ್ಗ ಚಿತ್ರಬಂಧಗಳಿಗೆ ಹೆಸರಾಗಿವೆ. ಸರ್ವತೋಭದ್ರವೆಂಬ ಬಂಧದಲ್ಲಿ ಅಕ್ಷರಗಳನ್ನು ಮನೆಗಳಲ್ಲಿ ತುಂಬಿ ಯಾವ ದಿಕ್ಕಿನಿಂದ ಓದಿದರೂ ಅದೇ ಪದ್ಯ ಬರುವಂತೆ ಮಾಡಲಾಗುತ್ತದೆ. 1898ರಲ್ಲಿ ಫ್ಲೋರಾ ಸ್ಟೇಸಿ ಎಂಬಾಕೆ ಟೈಪ್‌ರೈಟರಿನಲ್ಲಿ ಒಂದು ಚಿಟ್ಟೆಯನ್ನು ಮೂಡಿಸಿದಳು. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತಪಟ್ಟಿ 128 ಸ್ಥಾನಗಳಲ್ಲಿ ಅಕ್ಷರಗಳಿಗೂ ಚಿಹ್ನೆಗಳಿಗೂ ಅಂಕೆಗಳನ್ನು ಗೊತ್ತುಮಾಡಿತು. ಆ ಪಟ್ಟಿಯಲ್ಲಿ ನಕ್ಷತ್ರಚಿಹ್ನೆಯ ಅಂಕೆ 42. ಆಕಾಶದ ನಕ್ಷತ್ರಕ್ಕೂ ರಂಗೋಲಿಯ ಬಿಂದುವಿಗೂ ಕನ್ನಡದಲ್ಲಿ ಚುಕ್ಕಿ ಎಂಬ ಒಂದೇ ಮಾತು ನಡೆಯುವುದರಿಂದ ಇಲ್ಲಿಯೂ ಅದೇ ಸಲ್ಲುತ್ತದೆ.

ಪರದೆಯನ್ನು ಚದುರಂಗದ ಹಾಸಿನಂತೆ ಮನೆಗಳಾಗಿ ಭಾಗಿಸಲಾಗುತ್ತದೆ. ಹಳೆಯ ಟರ್ಮಿನಲ್‌ಗಳಲ್ಲಿ 24 ಸಾಲು, ಸಾಲಿಗೆ 80 ಮನೆ ಇರುವುದು ರೂಢಿ. ಪ್ರೋಗ್ರಾಮು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಒಂದೊಂದೇ ಮನೆಯನ್ನು ತುಂಬುತ್ತ ಬರುತ್ತದೆ. ತ್ರಿಕೋನದ ಮೊದಲ ಚುಕ್ಕಿ ನಡುವೆ ಕೂರಬೇಕಾದರೆ ಅದಕ್ಕೆ ಮುಂಚಿನ 4 ಮನೆಗಳನ್ನು ಖಾಲಿ ಬಿಟ್ಟರಾಯಿತು ಎನ್ನುವ ಹಾಗಿಲ್ಲ, ಆ ಖಾಲಿಯನ್ನೂ ಬರೆಯಬೇಕು. ತೆರಪಿಗೂ ಒಂದು ಅಂಕೆಯಿದೆ, 32. ಸಾಲು ಮುಗಿದು ಮುಂದಿನ ಸಾಲಿಗೆ ಇಳಿಯುವುದಕ್ಕೂ ಒಂದು ಅಂಕೆಯಿದೆ, 10. ಕಂಪ್ಯೂಟರಿನ ಸ್ಮೃತಿಯಲ್ಲಿ ಚುಕ್ಕಿ ಹಿಡಿಯುವಷ್ಟೇ ಜಾಗವನ್ನು ತೆರಪೂ ಹಿಡಿಯುತ್ತದೆ.

ಇಲ್ಲದಿರುವುದೂ ಒಂದು ಪದಾರ್ಥವೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ದೀರ್ಘಕಾಲ ಚರ್ಚೆಯಾಗಿದೆ. ನಂತರದ ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದರು. ಕುಮಾರಿಲ ಭಟ್ಟನ ಮೀಮಾಂಸಕರು ಅಭಾವವನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಉಡುಪಿಯ ಮಧ್ವರ ದ್ವೈತ ಪರಂಪರೆ ಹೇಳುವ ಹತ್ತು ಪದಾರ್ಥಗಳಲ್ಲಿಯೂ ಅಭಾವಕ್ಕೆ ಸ್ಥಾನವಿದೆ. ಅಕ್ಷರಚಿತ್ರ ಈ ಚರ್ಚೆಗೆ ಒಂದು ಕುತೂಹಲದ ನಿದರ್ಶನ ಕೊಡುತ್ತದೆ. ಚುಕ್ಕಿಗಳ ಎಡಕ್ಕಿರುವ ತೆರಪನ್ನು ಅಳಿಸಿದರೆ ತ್ರಿಕೋನ ಕುಸಿದು ಎಡಗೋಡೆಗೆ ಒರಗಿದ ಮೆಟ್ಟಿಲಾಗುತ್ತದೆ. ಬಲಕ್ಕಿರುವ ತೆರಪನ್ನು ಅಳಿಸಿದರೆ ಕಣ್ಣಿಗೆ ಏನೂ ಬದಲಾಗುವುದಿಲ್ಲ, ಕಡತ ಮಾತ್ರ ಚಿಕ್ಕದಾಗುತ್ತದೆ. ಒಂದೇ ತೆರಪು ಒಂದೆಡೆ ಆಕಾರವನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದೆಡೆ ಇದ್ದೂ ಇಲ್ಲದಂತಿರುತ್ತದೆ. ಎರಡು ಕಡತಗಳು ಬೇರೆಯಾಗಿದ್ದೂ ಚಿತ್ರ ಒಂದೇ ಆಗಿರಬಹುದೆಂಬ ಮಾತು ಇಲ್ಲಿಂದಲೇ ಹೊರಡುತ್ತದೆ. ಆಕಾರ ಬರೆದ ಗುರುತುಗಳ ಒಟ್ಟು ಮೊತ್ತವಲ್ಲ.

ಪರದೆಗೆ ಸಿಗದ ವೃತ್ತ

ಗುರುತುಗಳಲ್ಲಿ ಇಲ್ಲದಿದ್ದರೆ ಆಕಾರ ಬೇರೆಲ್ಲಿದೆ ಎಂಬುದಕ್ಕೆ ಹೆಸರಾಂತ ಉತ್ತರ ಪ್ಲೇಟೋನದು. ರಿಪಬ್ಲಿಕ್ ಗ್ರಂಥದ ಆರನೆಯ ಪುಸ್ತಕದಲ್ಲಿ ಬರುವ ವಾದದ ಪ್ರಕಾರ ರೇಖಾಗಣಿತದವರು ಮರಳಿನ ಮೇಲೋ ಹಲಗೆಯ ಮೇಲೋ ಬರೆದ ಚಿತ್ರಗಳನ್ನು ಬಳಸುತ್ತಾರೆ. ಆದರೆ ಅವರು ತರ್ಕಿಸುವುದು ಬುದ್ಧಿಗೆ ಮಾತ್ರ ಗೋಚರಿಸುವ ಚೌಕದ ಬಗ್ಗೆ, ಮೂಲರೂಪದ ಬಗ್ಗೆ. ಬರೆದದ್ದು ಅದರ ನೆರಳು.

ಚುಕ್ಕಿಗಳ ಪರದೆಯಲ್ಲಿ ಈ ಮಾತಿಗೆ ಬಲವಾದ ಬೆಂಬಲ ಸಿಗುತ್ತದೆ. ಕೇಂದ್ರದಿಂದ ಸಮದೂರದಲ್ಲಿರುವ ಬಿಂದುಗಳೇ ವೃತ್ತ ಎಂಬ ಯೂಕ್ಲಿಡನ ವ್ಯಾಖ್ಯೆಯನ್ನು ಅಕ್ಷರಶಃ ಪಾಲಿಸುವ ಪ್ರೋಗ್ರಾಮನ್ನು ಬರೆಯಬಹುದು. ಅಡ್ಡದೂರದ ವರ್ಗ ಮತ್ತು ಲಂಬದೂರದ ವರ್ಗಗಳ ಮೊತ್ತ ತ್ರಿಜ್ಯದ ವರ್ಗಕ್ಕೆ ಸಮವಾದ ಮನೆಯಲ್ಲಿ ಮಾತ್ರ ಚುಕ್ಕಿ ಇಡಬೇಕು ಎಂಬುದು ಷರತ್ತು. ತ್ರಿಜ್ಯ 5 ಆದಾಗ 12 ಚುಕ್ಕಿ ಬೀಳುತ್ತವೆ. 3, 4, 5ರ ಲಂಬಕೋನ ತ್ರಿಭುಜದ ಉಪಕಾರವದು. ತ್ರಿಜ್ಯ 7 ಆದಾಗ ಬೀಳುವವು ನಾಲ್ಕೇ, ದಿಕ್ಕಿಗೊಂದರಂತೆ. ವ್ಯಾಖ್ಯೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದಷ್ಟೂ ವೃತ್ತ ಮಾಯವಾಗುತ್ತದೆ. ದುಂಡಾಗಿ ಕಾಣಬೇಕಾದರೆ ಷರತ್ತನ್ನು ಸಡಿಲಿಸಿ, ಸಮಕ್ಕೆ ಹತ್ತಿರವಾದದ್ದನ್ನೂ ಒಪ್ಪಿಕೊಳ್ಳಬೇಕು.

ಸಮಬಾಹು ತ್ರಿಭುಜದ ಗತಿ ಇನ್ನೂ ಬಿಗಿ. ಯೂಕ್ಲಿಡನ ಮೂಲತತ್ತ್ವಗಳ ಮೊದಲ ಪುಸ್ತಕದ ಮೊದಲ ಪ್ರಮೇಯವೇ ಸಮಬಾಹು ತ್ರಿಭುಜವನ್ನು ರಚಿಸುವುದು. ಚೌಕಮನೆಗಳ ಜಾಲದಲ್ಲಿ ಅದನ್ನು ರಚಿಸಲು ಸಾಧ್ಯವೇ ಇಲ್ಲ. ಮೂರು ಶೃಂಗಗಳೂ ಮನೆಗಳ ನಟ್ಟನಡುವೆ ಬಿದ್ದರೆ ತ್ರಿಭುಜದ ವಿಸ್ತೀರ್ಣ ಪೂರ್ಣಾಂಕವೋ ಅದರ ಅರ್ಧವೋ ಆಗಿರಬೇಕು. ಸಮಬಾಹು ತ್ರಿಭುಜದ ವಿಸ್ತೀರ್ಣದಲ್ಲಿಯೋ 3ರ ವರ್ಗಮೂಲ ಬಂದೇ ಬರುತ್ತದೆ, ಅದು ಯಾವ ಭಿನ್ನರಾಶಿಗೂ ಸಮವಲ್ಲ. ಪರದೆ ಎಷ್ಟೇ ದೊಡ್ಡದಾಗಲಿ, ಮನೆ ಎಷ್ಟೇ ಚಿಕ್ಕದಾಗಲಿ, ಈ ನಿಷೇಧ ಸಡಿಲುವುದಿಲ್ಲ.

ಹಾಗಿದ್ದೂ ಸಿಗದ ವೃತ್ತವೇ ಚುಕ್ಕಿಗಳ ಲೆಕ್ಕವನ್ನು ಆಳುತ್ತದೆ. ಗೌಸ್ ಪರಿಶೀಲಿಸಿದ ಒಂದು ಸಮಸ್ಯೆಯಲ್ಲಿ ಇದು ಸ್ಪಷ್ಟವಾಗುತ್ತದೆ. ತ್ರಿಜ್ಯದೊಳಗೆ ಬರುವ ಎಲ್ಲ ಮನೆಗಳನ್ನೂ ತುಂಬಿದರೆ, ತ್ರಿಜ್ಯ 5ಕ್ಕೆ 81 ಚುಕ್ಕಿ, 10ಕ್ಕೆ 317, 100ಕ್ಕೆ 31,417. ಇವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಕ್ರಮವಾಗಿ 3.24, 3.17, 3.1417. ಮೂಲೆಮೂಲೆಯಾದ ಈ ಗುಂಪು ವೃತ್ತವಲ್ಲ, ಆದರೂ ಹಿಗ್ಗಿದಷ್ಟೂ ಪೈ ಬೆಲೆಯ ಕಡೆಗೆ ಸರಿಯುತ್ತದೆ. ನೆರಳು ಯಾವುದೋ ವಸ್ತುವಿನದೇ ಆಗಿರಬೇಕು ಎಂಬ ಪ್ಲೇಟೋವಾದಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ಇದೇ ಪರದೆ ಆ ವಾದವನ್ನು ಇಕ್ಕಟ್ಟಿಗೂ ಸಿಕ್ಕಿಸುತ್ತದೆ. ಸಮದೂರ ಎಂಬಲ್ಲಿ ದೂರವೆಂದರೇನು? ಒಂದು ಸಲಕ್ಕೆ ಒಂದು ಮನೆಯಂತೆ ಅಡ್ಡಕ್ಕೋ ಲಂಬಕ್ಕೋ ನಡೆದು ಹೆಜ್ಜೆ ಎಣಿಸುವುದೇ ದೂರವಾದರೆ, ಕೇಂದ್ರದಿಂದ 3 ಹೆಜ್ಜೆಯೊಳಗಿನ ಮನೆಗಳು ಸೇರಿ 25 ಚುಕ್ಕಿಯ ವಜ್ರಾಕೃತಿಯಾಗುತ್ತವೆ. ಚದುರಂಗದ ರಾಜನಂತೆ ಮೂಲೆಗೂ ಹೆಜ್ಜೆ ಇಡಬಹುದಾದರೆ 2 ನಡೆಯೊಳಗಿನ ಮನೆಗಳು ಸೇರಿ 25 ಚುಕ್ಕಿಯ ಚೌಕವಾಗುತ್ತವೆ. ಎರಡೂ ಯೂಕ್ಲಿಡನ ವ್ಯಾಖ್ಯೆಯ ಮಾತಿಗೆ ಹೊಂದುತ್ತವೆ. ವ್ಯಾಖ್ಯೆ ಒಂದೇ, ಅಳೆಯುವ ಕೋಲು ಬೇರೆ, ವೃತ್ತಗಳು ಮೂರು. ಮೂಲರೂಪದ ಲೋಕದಲ್ಲಿ ವೃತ್ತವೊಂದೇ ಇದೆ ಎನ್ನುವವರು ಅಳತೆಗೋಲನ್ನೂ ಆ ಲೋಕಕ್ಕೆ ಕೊಂಡೊಯ್ಯಬೇಕಾಗುತ್ತದೆ.

ಇರುವೆಗಳ ಸಾಲು

ಎದುರು ಕೊನೆಯಲ್ಲಿ ನಿಲ್ಲುವುದು ಬೌದ್ಧರ ವಾದ. ಕ್ರಿ.ಶ. 4-5ನೇ ಶತಮಾನದ ವಸುಬಂಧು ಅಭಿಧರ್ಮಕೋಶಭಾಷ್ಯದ ನಾಲ್ಕನೆಯ ಅಧ್ಯಾಯದಲ್ಲಿ ಆಕಾರದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ಬಣ್ಣದ ಹಾಗೆ ಆಕಾರವೂ ನಿಜವಾದ ಪ್ರತ್ಯೇಕ ವಸ್ತು ಎನ್ನುವುದು ವೈಭಾಷಿಕರ ಪಕ್ಷ. ಸೌತ್ರಾಂತಿಕರ ಪರವಾಗಿ ವಸುಬಂಧು ಅದನ್ನು ಅಲ್ಲಗಳೆಯುತ್ತಾನೆ. ಬಣ್ಣ ಒಂದು ದಿಕ್ಕಿನಲ್ಲಿ ಹೆಚ್ಚಾಗಿ ಹರಡಿದರೆ ಅದನ್ನೇ ಉದ್ದ ಎನ್ನುತ್ತಾರೆ, ನಾಲ್ಕು ದಿಕ್ಕಿಗೆ ಹರಡಿದರೆ ಚೌಕ ಎನ್ನುತ್ತಾರೆ, ಎಲ್ಲೆಡೆ ಸಮವಾದರೆ ದುಂಡು ಎನ್ನುತ್ತಾರೆ. ಆಕಾರ ಬರಿಯ ಪ್ರಜ್ಞಪ್ತಿ, ಎಂದರೆ ವ್ಯವಹಾರಕ್ಕಾಗಿ ಇಟ್ಟ ಹೆಸರು. ಅದು ನಿಜವಾದ ವಸ್ತುವಾಗಿದ್ದರೆ ಕಣ್ಣಿಗೂ ಸ್ಪರ್ಶಕ್ಕೂ ಒಂದೇ ವಸ್ತು ವಿಷಯವಾಗಬೇಕಾಗುತ್ತಿತ್ತು, ಅಭಿಧರ್ಮದ ಚೌಕಟ್ಟಿನಲ್ಲಿ ಅದಕ್ಕೆ ಎಡೆಯಿಲ್ಲ. ಮಣ್ಣಿನ ಪಾತ್ರೆಗಳ ಬಣ್ಣ ಒಂದೇ ಇದ್ದು ಆಕಾರ ಬೇರೆಯಾಗುತ್ತದಲ್ಲ ಎಂಬ ಆಕ್ಷೇಪಕ್ಕೆ ಅವನು ಇರುವೆಗಳನ್ನು ತೋರಿಸುತ್ತಾನೆ. ಇರುವೆಗಳಲ್ಲಿ ಭೇದವಿಲ್ಲದಿದ್ದರೂ ಅವು ಸಾಲಾಗಿಯೂ ಚಕ್ರವಾಗಿಯೂ ನಿಲ್ಲುತ್ತವೆ, ಸಾಲು ಎಂಬ ಇನ್ನೊಂದು ಇರುವೆ ಅಲ್ಲಿಲ್ಲ. ಮೂರು ಬಗೆಯಾಗಿ ನಿಂತ 25 ಚುಕ್ಕಿಗಳ ಉದಾಹರಣೆ ಇದರ ಪಡಿಯಚ್ಚು.

ನ್ಯಾಯದರ್ಶನ ಅವಯವಗಳಿಗಿಂತ ಬೇರೆಯಾದ ಅವಯವಿಯನ್ನು ಒಪ್ಪುತ್ತದೆ. ನ್ಯಾಯಸೂತ್ರಗಳ ಎರಡನೆಯ ಅಧ್ಯಾಯ ಇದಕ್ಕೊಂದು ಪರೀಕ್ಷೆಯನ್ನು ಸೂಚಿಸುತ್ತದೆ. ಒಂದು ಭಾಗವನ್ನು ಹಿಡಿದರೆ ಇಡೀ ವಸ್ತು ಹಿಡಿತಕ್ಕೆ ಬರಬೇಕು, ಒಂದು ಭಾಗವನ್ನು ಎಳೆದರೆ ಇಡಿಯಾಗಿ ಬರಬೇಕು. ಕೊಡದ ಕಂಠ ಹಿಡಿದೆತ್ತಿದರೆ ಕೊಡವೆಲ್ಲ ಬರುತ್ತದೆ. ಸೈನ್ಯ, ಕಾಡು ಎಂಬಂತೆ ಕೂಟಕ್ಕೇ ಒಂದು ಎಂಬ ಹೆಸರು ಬಂದಿದೆ ಎನ್ನುವ ಆಕ್ಷೇಪವನ್ನು ಸೂತ್ರಕಾರ ಒಪ್ಪುವುದಿಲ್ಲ. ಸೈನಿಕರು, ಮರಗಳು ಬಿಡಿಯಾಗಿಯೂ ಕಾಣುವಂಥವು, ಪರಮಾಣುಗಳು ಹಾಗಲ್ಲ.

ಚುಕ್ಕಿಗಳ ಚೌಕ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಒಂದು ಸಾಲಿನ ಮೊದಲಿಗೆ ಒಂದು ತೆರಪು ಸೇರಿಸಿದರೆ ಆ ಸಾಲಷ್ಟೇ ಸರಿಯುತ್ತದೆ, ಉಳಿದವು ಅಲುಗುವುದಿಲ್ಲ. ಒಂದು ಚುಕ್ಕಿ ಅಳಿಸಿದರೆ 24 ಇದ್ದಲ್ಲೇ ಇರುತ್ತವೆ. ನೈಯಾಯಿಕನ ಲೆಕ್ಕದಲ್ಲಿಯೂ ಇದು ಕೊಡದ ಜಾತಿಗೆ ಸೇರದೆ ಕಾಡಿನ ಜಾತಿಗೆ ಸೇರುತ್ತದೆ. ಆದರೆ ವಾತ್ಸ್ಯಾಯನನ ಭಾಷ್ಯ ಇನ್ನೊಂದು ಮಾತು ಸೇರಿಸುತ್ತದೆ. ಹಲವನ್ನು ಒಂದೆಂದು ತಿಳಿಯುವುದು ಗೌಣಜ್ಞಾನ, ಮತ್ತು ಮುಖ್ಯವಾದ ಒಂದು ಎಲ್ಲಿಯೂ ಇಲ್ಲದಿದ್ದರೆ ಗೌಣವೂ ಹುಟ್ಟಲಾರದು. ಕಂಬವನ್ನು ಮನುಷ್ಯನೆಂದು ಭ್ರಮಿಸಲು ಮನುಷ್ಯನನ್ನು ಮೊದಲು ಕಂಡಿರಬೇಕು. ಚುಕ್ಕಿಗಳಲ್ಲಿ ಚೌಕ ಕಾಣುವವರು ಕಲ್ಲುಚಪ್ಪಡಿಯಲ್ಲೋ ಅಂಗಳದಲ್ಲೋ ಇಡಿಯಾದ ಚೌಕವನ್ನು ಮೊದಲೇ ಕಂಡವರು. ಹೆಸರು ಗಾಳಿಯಿಂದ ಬಂದದ್ದಲ್ಲ. ದ್ವೈತಿಗಳು ಅಂಶಿಯನ್ನೂ ಸಾದೃಶ್ಯವನ್ನೂ ಪ್ರತ್ಯೇಕ ಪದಾರ್ಥಗಳಾಗಿ ಎಣಿಸುವುದರ ಹಿಂದೆಯೂ ಇಂಥದೇ ಕಾಳಜಿಯಿದೆ.

ನಿಯಮವೇ ಆಕಾರವೇ?

ಮೂರನೆಯ ಉತ್ತರ ಆಕಾರವನ್ನು ಲೋಕಾಂತರದಲ್ಲೂ ಇಡುವುದಿಲ್ಲ, ಹೆಸರಿಗೂ ಇಳಿಸುವುದಿಲ್ಲ. ಅದು ರಚಿಸುವ ವಿಧಾನದಲ್ಲಿದೆ ಎನ್ನುತ್ತದೆ. ಬರ್ಕ್ಲಿ 1710ರಲ್ಲಿ, ಲಂಬಕೋನವೂ ಅಲ್ಲದ ವಿಶಾಲಕೋನವೂ ಅಲ್ಲದ ಲಘುಕೋನವೂ ಅಲ್ಲದ ಸಾಮಾನ್ಯ ತ್ರಿಕೋನವನ್ನು ಯಾರೂ ಮನಸ್ಸಿನಲ್ಲಿ ತಂದುಕೊಳ್ಳಲಾರರು ಎಂದು ವಾದಿಸಿದ. ಕಾಂಟ್ 1781ರ ಶುದ್ಧಬುದ್ಧಿಯ ವಿಮರ್ಶೆಯಲ್ಲಿ ಆ ತೊಡಕಿಗೆ ಪರಿಹಾರ ಸೂಚಿಸಿದ. ತ್ರಿಕೋನದ ಕಲ್ಪನೆಗೆ ಯಾವ ಬಿಂಬವೂ ಪೂರ್ತಿ ಹೊಂದದು, ಬಿಂಬಗಳನ್ನು ಹುಟ್ಟಿಸುವ ನಿಯಮ ಹೊಂದುತ್ತದೆ. ಆ ನಿಯಮವನ್ನು ಅವನು ಸ್ಕೀಮಾ ಎಂದು ಕರೆದ. ವಿವರಿಸಲು ಅವನು ಬಳಸಿದ್ದೂ ಒಂದು ಅಕ್ಷರಚಿತ್ರವನ್ನೇ. ಸಾಲಾಗಿ ಅಚ್ಚಾದ ಐದು ಬಿಂದುಗಳು ಐದು ಎಂಬ ಸಂಖ್ಯೆಯ ಬಿಂಬ. ಸಾವಿರಕ್ಕೆ ಹೀಗೆ ಬಿಂದು ಹಾಕಿ ಒಂದೇ ನೋಟಕ್ಕೆ ಗುರುತಿಸಲಾಗದು, ಹಾಕುವ ವಿಧಾನ ಮಾತ್ರ ತಿಳಿದಿರುತ್ತದೆ. ಡೆಕಾರ್ಟ್ 1641ರಲ್ಲೇ ಸಾವಿರ ಬಾಹುಗಳ ಬಹುಭುಜವನ್ನು ಬುದ್ಧಿ ಗ್ರಹಿಸಬಲ್ಲದು, ಕಲ್ಪನೆ ಚಿತ್ರಿಸಲಾರದು ಎಂದಿದ್ದ.

ಪ್ರೋಗ್ರಾಮು ಎಂಬುದು ಕಾಗದಕ್ಕೆ ಇಳಿದ ಸ್ಕೀಮಾ. ಸಾಲುಗಳ ಸಂಖ್ಯೆಯನ್ನು ತೆರೆದಿಟ್ಟು ಬರೆದ ತ್ರಿಕೋನದ ಪ್ರೋಗ್ರಾಮು ಯಾವ ಒಂದು ತ್ರಿಕೋನವೂ ಅಲ್ಲ. ಸಂಖ್ಯೆ ಕೊಡುವ ತನಕ ಅದು ಏನನ್ನೂ ಅಚ್ಚು ಮಾಡುವುದಿಲ್ಲ, ಕೊಟ್ಟ ಮೇಲೆ ಮಾಡುವುದು ಒಂದು ನಿರ್ದಿಷ್ಟ ತ್ರಿಕೋನವನ್ನೇ. ಬರ್ಕ್ಲಿ ಕೇಳಿದ ಸಾಮಾನ್ಯ ತ್ರಿಕೋನದ ಚಿತ್ರ ಎಲ್ಲಿಯೂ ಇಲ್ಲ, ಆದರೆ ಅದರ ಬರಹ ಐದು ಸಾಲಿನಲ್ಲಿದೆ.

ಇಂಥ ಬರಹ ಕರ್ನಾಟಕದ ಮನೆಯಂಗಳಕ್ಕೆ ಹೊಸತಲ್ಲ. ಚುಕ್ಕಿ ರಂಗೋಲಿಯನ್ನು ಹೇಳಿಕೊಡುವಾಗ 15 ಚುಕ್ಕಿ, ಸಂದು ಚುಕ್ಕಿ 8ರವರೆಗೆ ಎಂದರೆ ಮುಗಿಯಿತು. ನಡುಸಾಲಿಗೆ 15 ಇಟ್ಟು, ಮೇಲಕ್ಕೂ ಕೆಳಕ್ಕೂ ಹಿಂದಿನ ಸಾಲಿನ ಸಂದುಗಳಲ್ಲಿ 14, 13 ಎಂದು ಇಳಿಸುತ್ತ 8ಕ್ಕೆ ನಿಲ್ಲಿಸಿದರೆ 169 ಚುಕ್ಕಿಗಳ ಷಡ್ಭುಜವಾಗುತ್ತದೆ. ಇದೇ ಸೂಚನೆಯಲ್ಲಿ 8ರ ಬದಲು 1 ಎಂದರೆ 225 ಚುಕ್ಕಿಗಳ ವಜ್ರಾಕೃತಿ. ಹೇಳುವವರೂ ಕೇಳುವವರೂ ಷಡ್ಭುಜ ಎಂಬ ಪದವನ್ನು ಎತ್ತಬೇಕಾಗಿಲ್ಲ. ಈ ಸಂಬಂಧ ಕಂಪ್ಯೂಟರ್ ವಿಜ್ಞಾನಿಗಳ ಕಣ್ಣಿಗೂ ಬಿದ್ದಿದೆ. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ತಮಿಳುನಾಡಿನ ಕೋಲಂ ವಿನ್ಯಾಸಗಳನ್ನು ಹುಟ್ಟಿಸುವ ವ್ಯಾಕರಣಗಳನ್ನು ಗಣಿತದ ರೂಪದಲ್ಲಿ ಪ್ರಕಟಿಸಿದರು.

ಆಕಾರವೆಂದರೆ ನಿಯಮವೇ ಎಂದು ಸಮೀಕರಿಸಿಬಿಟ್ಟರೆ ಎರಡು ತೊಡಕು ಬರುತ್ತವೆ. ಮೊದಲನೆಯದು, ಒಂದು ಆಕಾರಕ್ಕೆ ಹಲವು ನಿಯಮ. ಪಿಂಗಳನ ಛಂದಃಸೂತ್ರಕ್ಕೆ 10ನೇ ಶತಮಾನದ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಮೇರುಪ್ರಸ್ತಾರದ ವಿವರಣೆಯಿದೆ. ಮೇಲೊಂದು ಮನೆ, ಕೆಳಗೆರಡು, ಅದರ ಕೆಳಗೆ ಮೂರು, ಪ್ರತಿ ಮನೆಗೂ ಮೇಲಿನೆರಡು ಮನೆಗಳ ಮೊತ್ತ. ಇದರ ಮೊದಲ 16 ಸಾಲಿನ 136 ಮನೆಗಳಲ್ಲಿ ಬೆಸಸಂಖ್ಯೆ ಇದ್ದಲ್ಲಿ ಚುಕ್ಕಿ, ಸಮಸಂಖ್ಯೆ ಇದ್ದಲ್ಲಿ ತೆರಪು ಇಟ್ಟರೆ 81 ಚುಕ್ಕಿಗಳು ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೂ ಚಿಕ್ಕ ತ್ರಿಕೋನವಾಗಿ ನಿಲ್ಲುತ್ತವೆ. ಪೋಲೆಂಡಿನ ಗಣಿತಜ್ಞ ಸಿಯರ್ಪಿನ್‌ಸ್ಕಿ 1915ರಲ್ಲಿ ವಿವರಿಸಿದ ಆಕೃತಿ ಇದು. ಕೂಡುವುದನ್ನೇ ಬಿಟ್ಟು, ಸಾಲಿನ ಅಂಕೆಯನ್ನೂ ಕಂಬಸಾಲಿನ ಅಂಕೆಯನ್ನೂ ದ್ವಿಮಾನದಲ್ಲಿ ಬರೆದು, ಎರಡರಲ್ಲೂ ಒಂದೇ ಸ್ಥಾನದಲ್ಲಿ 1 ಬರದ ಮನೆಗಳಿಗೆ ಮಾತ್ರ ಚುಕ್ಕಿ ಇಟ್ಟರೂ ಅದೇ 81 ಚುಕ್ಕಿ, ಅದೇ ವಿನ್ಯಾಸ, ತುಸು ವಾಲಿ ನಿಲ್ಲುತ್ತದೆ. ಎರಡು ಪ್ರೋಗ್ರಾಮುಗಳಿಗೆ ಹೋಲಿಕೆಯೇ ಇಲ್ಲ. ಟ್ಯೂರಿಂಗ್ 1936ರಲ್ಲಿ ತೋರಿಸಿದ, ರೈಸ್ 1953ರಲ್ಲಿ ವಿಸ್ತರಿಸಿದ ಫಲಿತಾಂಶಗಳ ಪ್ರಕಾರ, ಯಾವುದೇ ಎರಡು ಪ್ರೋಗ್ರಾಮುಗಳನ್ನು ಕೊಟ್ಟರೂ ಅವುಗಳ ಫಲ ಒಂದೇ ಎಂಬುದನ್ನು ತಪ್ಪದೆ ತೀರ್ಮಾನಿಸುವ ಸಾರ್ವತ್ರಿಕ ವಿಧಾನ ಇರಲಾರದು. ಆಕಾರ ನಿಯಮದಲ್ಲೇ ಕೂತಿದ್ದರೆ ನಿಯಮವನ್ನು ಓದಿ ಅದನ್ನು ಕಾಣಲು ಯಾವಾಗಲೂ ಆಗಬೇಕಿತ್ತು.

ಎರಡನೆಯದು, ಒಂದು ನಿಯಮಕ್ಕೆ ಹಲವು ಆಕಾರ. ಪರದೆಯ ಮನೆ ಸಾಮಾನ್ಯವಾಗಿ ಅಗಲದ ಎರಡರಷ್ಟು ಎತ್ತರ. ಇದನ್ನು ಲೆಕ್ಕಕ್ಕೆ ತಾರದೆ ಬರೆದ ವೃತ್ತ ನಿಂತ ಮೊಟ್ಟೆಯಾಗುತ್ತದೆ. ಅಕ್ಷರಕ್ಕೆ ತಕ್ಕಂತೆ ಅಗಲ ಬದಲಾಗುವ ಫಾಂಟಿನಲ್ಲಿ ತೆರಪು ಚುಕ್ಕಿಗಿಂತ ಕಿರಿದಾಗಿ, ವಜ್ರಾಕೃತಿ ಸೊಟ್ಟಗಾಗುತ್ತದೆ. ಕಡತದಲ್ಲಿ ಒಂದಂಕೆಯೂ ಬದಲಾಗಿರುವುದಿಲ್ಲ. ಕನ್ನಡ ಅಕ್ಷರಗಳಿಂದ ಆಕೃತಿ ಕಟ್ಟುವಾಗ ಈ ತೊಂದರೆ ಇಮ್ಮಡಿ. ಸ್ತ್ರೀ ಎಂಬುದು ಓದುವವರಿಗೆ ಒಂದಕ್ಷರ, ಚಿತ್ರಬಂಧದ ಕವಿಗೆ ಒಂದು ಮನೆ. ಯೂನಿಕೋಡಿನ ಲೆಕ್ಕದಲ್ಲಿ ಅದು ಸಕಾರ, ತಕಾರ, ರಕಾರ, ನಡುವಿನ ಎರಡು ಹಲಂತಚಿಹ್ನೆ, ದೀರ್ಘ ಈಕಾರದ ಗುರುತು ಸೇರಿ 6 ಘಟಕ. ಘಟಕಗಳನ್ನು ಎಣಿಸಿ ಮನೆ ಕೊಡುವ ಪ್ರೋಗ್ರಾಮು 5 ಮನೆಗಳಷ್ಟು ತಪ್ಪುತ್ತದೆ. ಒಂದು ಎಂದರೆ ಏನು ಎಂಬುದೇ ಗೊತ್ತಾಗದೆ ಸಾಲು ನಿಲ್ಲುವುದಿಲ್ಲ. ವಿಟ್ಗೆನ್‌ಸ್ಟೈನನ ತತ್ತ್ವಶೋಧನೆಗಳು ಗ್ರಂಥ 1953ರಲ್ಲಿ ಎತ್ತಿದ್ದೂ ಈ ಬಗೆಯ ತೊಡಕನ್ನೇ. ಎರಡೆರಡು ಕೂಡಿಸುತ್ತ ಹೋಗು ಎಂದಾಗ ಸಾವಿರದವರೆಗೆ ಸರಿಯಾಗಿ ಹೋದ ವಿದ್ಯಾರ್ಥಿ ಆಮೇಲೆ 1004, 1008 ಎಂದು ಬರೆದು, ಹೇಳಿದಂತೆಯೇ ಮಾಡಿದೆನೆಂದು ವಾದಿಸಬಹುದು. ನಿಯಮ ತನ್ನನ್ನು ತಾನೇ ಅರ್ಥೈಸಿಕೊಳ್ಳುವುದಿಲ್ಲ. ಅದರ ಸುತ್ತ ಬಳಕೆಯ ಒಪ್ಪಂದವೊಂದು ಇರಬೇಕಾಗುತ್ತದೆ.

ಚಿಕ್ಕ ನಿಯಮ, ದೊಡ್ಡ ಜಗತ್ತು

ನಿಯಮದ ಗಿಡ್ಡತನದಲ್ಲಿ ಒಂದು ಧಾರ್ಮಿಕ ಪ್ರಶ್ನೆಯೂ ಇದೆ. 24 ಸಾಲು, 80 ಕಂಬಸಾಲಿನ ಪರದೆಯಲ್ಲಿ 1,920 ಮನೆಗಳು. ಪ್ರತಿ ಮನೆಯಲ್ಲಿ ಚುಕ್ಕಿ ಅಥವಾ ತೆರಪು ಎಂದಾದರೆ ಸಾಧ್ಯವಾದ ಚಿತ್ರಗಳ ಸಂಖ್ಯೆ 578 ಅಂಕಿಗಳಷ್ಟು ದೊಡ್ಡದು. 1,000 ಬಿಟ್‌ಗಿಂತ ಗಿಡ್ಡದಾದ ಪ್ರೋಗ್ರಾಮುಗಳೆಲ್ಲವನ್ನೂ ಓಡಿಸಿದರೂ ಮೂಡುವುದು ಅದರಲ್ಲಿ ಒಂದು ಪಾಲು ಮಾತ್ರ, ಆ ಪಾಲನ್ನು ಹೇಳುವ ಭಿನ್ನರಾಶಿಯ ಛೇದಕ್ಕೇ 277 ಅಂಕಿಗಳು ಬೇಕು. ಉಳಿದವೆಲ್ಲ ಎರಚಿದ ಸಾಸಿವೆಯಂಥವು, ಅವನ್ನು ಹೇಳಲು ಹೆಚ್ಚುಕಡಿಮೆ ಮನೆಮನೆಯನ್ನೂ ಹೆಸರಿಸಬೇಕು. ಸೊಲೊಮೊನಾಫ್, ಕೊಲ್ಮೊಗೊರೊವ್, ಚೈಟಿನ್ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಕಲ್ಪನೆಯಿದು. ಒಂದು ವಿನ್ಯಾಸದ ಸಂಕೀರ್ಣತೆ ಅದನ್ನು ಹುಟ್ಟಿಸುವ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದ.

ಇದರ ಬೀಜ ಲೈಬ್ನಿಟ್ಸ್ 1686ರಲ್ಲಿ ಬರೆದ ತತ್ತ್ವಮೀಮಾಂಸೆಯ ಪ್ರಬಂಧದಲ್ಲಿದೆ. ಕಾಗದದ ಮೇಲೆ ಮನಬಂದಂತೆ ಬಿಂದು ಚೆಲ್ಲಿದರೂ ಅವೆಲ್ಲವನ್ನೂ ಹಾಯ್ದುಹೋಗುವ ರೇಖೆಗೆ ಒಂದು ನಿಯಮ ಸಿಕ್ಕೇ ಸಿಗುತ್ತದೆ. ನಿಯಮ ತೀರ ಜಟಿಲವಾದರೆ ಅದನ್ನೇ ಅನಿಯಮ ಎನ್ನುತ್ತಾರೆ. ಆದ್ದರಿಂದ ಜಗತ್ತಿಗೆ ನಿಯಮವಿದೆ ಎಂದರೆ ಹೇಳಿದಂತಾಗಲಿಲ್ಲ. ನಿಯಮದಲ್ಲಿ ಸರಳ, ಫಲದಲ್ಲಿ ಸಮೃದ್ಧವಾದ ಜಗತ್ತನ್ನು ದೇವರು ಆರಿಸಿದ ಎಂಬುದು ಲೈಬ್ನಿಟ್ಸನ ಮಾತಿನ ತಿರುಳು.

ಭಾರತದಲ್ಲಿ ಈ ವಾದದ ಎರಡೂ ಬದಿ ಬೆಳೆದಿವೆ. ಉದಯನ ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನಿಗೆ ಕೊಟ್ಟ ಪ್ರಮಾಣಗಳಲ್ಲಿ ಸಂಖ್ಯೆಯದೂ ಒಂದು. ನ್ಯಾಯ ವೈಶೇಷಿಕರ ಪ್ರಕಾರ ಎರಡು ಮೊದಲಾದ ಸಂಖ್ಯೆಗಳು ವಸ್ತುಗಳಲ್ಲಿ ತಾವಾಗಿ ಇರುವುದಿಲ್ಲ. ಇದೊಂದು, ಇದೊಂದು ಎಂದು ಎಣಿಸುವ ಅಪೇಕ್ಷಾಬುದ್ಧಿಯಿಂದ ಹುಟ್ಟುತ್ತವೆ. ಸೃಷ್ಟಿಯ ಆದಿಯಲ್ಲಿ ಎರಡು ಪರಮಾಣು ಕೂಡಿ ದ್ವ್ಯಣುಕವಾಗಬೇಕಾದರೆ ಆ ಎರಡನ್ನು ಎಣಿಸುವ ಬುದ್ಧಿಯೊಂದು ಇರಬೇಕಿತ್ತು, ಅದು ಈಶ್ವರನದು. ಈ ದೃಷ್ಟಿಯಲ್ಲಿ 25 ಎಂಬುದೂ ಚುಕ್ಕಿಗಳ ಗುಣವಾಗಿ ಮೂಡಲು ಎಣಿಸುವವರ ಅರಿವು ಬೇಕು. ಎದುರು ಬದಿಯಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನಾಚಾರ್ಯ ಜಿನಸೇನರಿದ್ದಾರೆ. ಸಾಮಗ್ರಿಯಿಲ್ಲದೆ ಸೃಷ್ಟಿ ಹೇಗೆ, ಸಾಮಗ್ರಿಯನ್ನೂ ಅವನೇ ಸೃಷ್ಟಿಸಿದನೆಂದರೆ ಅದಕ್ಕೆ ಸಾಮಗ್ರಿ ಎಲ್ಲಿಂದ ಎಂದು ಸಂಸ್ಕೃತ ಆದಿಪುರಾಣದಲ್ಲಿ ಅವರು ಕೇಳುತ್ತಾರೆ. ಅತಿ ಗಿಡ್ಡ ಪ್ರೋಗ್ರಾಮೂ ಮನೆಗಳು, ಅಂಕೆಗಳು, ಪರದೆ ಮೊದಲೇ ಇದ್ದರಷ್ಟೇ ಓಡುತ್ತದೆ ಎಂಬುದು ಆ ಪ್ರಶ್ನೆಗೆ ಒದಗುವ ಉದಾಹರಣೆ.

ನಿಯಮ ಚಿಕ್ಕದು ಎಂದಮಾತ್ರಕ್ಕೆ ಚಿತ್ರಕಾರನ ಮನಸ್ಸಿನಲ್ಲಿ ಚಿತ್ರ ಮೊದಲೇ ಇತ್ತೆಂದೂ ಆಗುವುದಿಲ್ಲ. 1978ರಲ್ಲಿ ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮಾಟೆಲ್‌ಸ್ಕಿ ಒಂದು ಸಂಖ್ಯೆಯನ್ನು ವರ್ಗಿಸಿ ಇನ್ನೊಂದನ್ನು ಕೂಡುವ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿ, ಫಲ ಎಲ್ಲೆ ಮೀರದ ಕಡೆಗಳಲ್ಲಿ ನಕ್ಷತ್ರಚಿಹ್ನೆ ಅಚ್ಚು ಮಾಡಿಸಿದರು. ಬಳಿಕ ಮ್ಯಾಂಡೆಲ್‌ಬ್ರಾಟ್ ಗಣ ಎಂದು ಹೆಸರಾದ ಆಕೃತಿಯ ಮೊದಲ ಅಚ್ಚು ಅದು, ಅಕ್ಷರಚಿತ್ರವೇ. ಅದರ ಅಂಚಿನ ಮುಗಿಯದ ಕುಸುರಿಯನ್ನು ಯಾರೂ ಉದ್ದೇಶಿಸಿರಲಿಲ್ಲ. ರೋಜರ್ ಪೆನ್‌ರೋಸ್ 1989ರಲ್ಲಿ, ಎವರೆಸ್ಟ್ ಪರ್ವತದಂತೆ ಅದು ಇದ್ದೇ ಇತ್ತು, ಕಂಡದ್ದು ಈಗ ಎಂದು ಪ್ಲೇಟೋವಿನ ಪಕ್ಷವನ್ನು ಎತ್ತಿಹಿಡಿದರು. ವಸುಬಂಧುವಿನ ಪಕ್ಷದವರು ಕ್ರಿಯೆ ಇತ್ತು, ಹೆಸರು ಬಂತು ಎಂದಷ್ಟೇ ಹೇಳುತ್ತಾರೆ.

ಕೊಳ್ಳಿಯ ಚಕ್ರ

ಈ ಉತ್ತರಗಳೆಲ್ಲ ಆಕಾರ ಎಲ್ಲೋ ಒಂದೆಡೆ ಇರಲೇಬೇಕೆಂದು ಹಿಡಿದು ಹೊರಡುತ್ತವೆ. ಆ ಹಿಡಿತವನ್ನೇ ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣವಾದ ಅಲಾತಶಾಂತಿ ಪ್ರಶ್ನಿಸುತ್ತದೆ. ಅಲಾತವೆಂದರೆ ಕೊಳ್ಳಿ. ಕತ್ತಲಲ್ಲಿ ಬೀಸಿದ ಕೊಳ್ಳಿ ನೇರವಾಗಿಯೂ ವಕ್ರವಾಗಿಯೂ ಕಾಣುತ್ತದೆ. ಆ ಆಕಾರಗಳು ಬೇರೆಲ್ಲಿಂದಲೋ ಬಂದು ಕೊಳ್ಳಿಯನ್ನು ಸೇರಿದ್ದಲ್ಲ, ನಿಂತಾಗ ಬೇರೆಡೆಗೆ ಹೋಗುವುದೂ ಇಲ್ಲ, ಕೊಳ್ಳಿಯೊಳಗೆ ಅಡಗುವುದೂ ಇಲ್ಲ. ವಸುಬಂಧುವೂ ಇದೇ ಕೊಳ್ಳಿಯನ್ನು ಆಕಾರದ ಚರ್ಚೆಯಲ್ಲಿ ತರುತ್ತಾನೆ. ಅವನಿಗೆ ಅದು ಆಕಾರ ಬರಿಯ ಹೆಸರೆಂಬುದಕ್ಕೆ ಸಾಕ್ಷಿ, ಗೌಡಪಾದರಿಗೆ ತೋರಿಕೆಯೆಲ್ಲ ಅರಿವಿನ ಸ್ಪಂದನವೆಂಬುದಕ್ಕೆ. ಹಳೆಯ ಗಾಜಿನ ಕೊಳವೆಯ ಟರ್ಮಿನಲ್ ಒಂದು ಯಂತ್ರಾಲಾತವೇ ಆಗಿತ್ತು. ಎಲೆಕ್ಟ್ರಾನುಗಳ ಒಂದೇ ಕಿರಣ ಸೆಕೆಂಡಿಗೆ ಹತ್ತಾರು ಸಲ ಪರದೆಯನ್ನು ಗುಡಿಸುತ್ತಿತ್ತು, 25 ಚುಕ್ಕಿಗಳು ಒಟ್ಟಿಗೆ ನಿಂತಂತೆ ಕಾಣುತ್ತಿದ್ದವು.

ಅಕ್ಷರಚಿತ್ರ ಈ ವಾದವನ್ನು ಮುಗಿಸುವುದಿಲ್ಲ, ಆದರೆ ಒಂದೊಂದು ಪಕ್ಷವೂ ಎಲ್ಲಿಯವರೆಗೆ ಸರಿ ಎಂಬುದಕ್ಕೆ ಗಡಿಕಲ್ಲು ನೆಡುತ್ತದೆ. ಚುಕ್ಕಿಗಳೇ ಆಕಾರವಾದರೆ 25 ಚುಕ್ಕಿಗೆ ಒಂದೇ ಆಕಾರ ಇರಬೇಕಿತ್ತು. ನಿಯಮವೇ ಆಕಾರವಾದರೆ ಮೇರುವಿನ ಕೂಡುವಿಕೆಗೂ ದ್ವಿಮಾನದ ಹೋಲಿಕೆಗೂ ಬೇರೆ ಬೇರೆ ಆಕಾರ ಬರಬೇಕಿತ್ತು. ನೋಡುವವರ ಹೆಸರೇ ಆಕಾರವಾದರೆ ಚುಕ್ಕಿಗಳ ಲೆಕ್ಕ ಪೈ ಕಡೆಗೆ ಸರಿಯಲು, ಸಮಬಾಹು ತ್ರಿಭುಜ ಎಂದೂ ಸಿಗದಿರಲು ಕಾರಣವಿರುತ್ತಿರಲಿಲ್ಲ, ಹೆಸರಿಗೆ ಅಂಥ ನಿರ್ಬಂಧವಿಲ್ಲ. ಗುರುತು, ನಿಯಮ, ಮನೆಯ ಅಳತೆಯ ಒಪ್ಪಂದ, ಒಂದೆಂದು ಕಾಣುವ ಅರಿವು, ಈ ನಾಲ್ಕರಲ್ಲಿ ಯಾವುದನ್ನು ತೆಗೆದರೂ ಚೌಕ ಉಳಿಯುವುದಿಲ್ಲ. ನಾಲ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಚೌಕಕ್ಕೆ ಇಪ್ಪತ್ತಾರನೆಯ ವಸ್ತುವೊಂದು ಬೇಕಾಗುವುದಿಲ್ಲ.